ಮಳೆಗಾಲಕ್ಕೆ ಮೂರು ಸಾವಿರ ರೂಪಾಯಿ: ಹೊಸ ವೆಬ್ ತಂತ್ರಜ್ಞಾನ ಕಲಿಯಲು ಯಾವ ಪುಸ್ತಕ ಕೊಳ್ಳಲಿ?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ಕೂತು ಸಣ್ಣಪುಟ್ಟ ವೆಬ್‌ಸೈಟ್ ಮಾಡಿಕೊಡುವವನು ನಾನು. ಹೋಂಸ್ಟೇ, ಕಲ್ಯಾಣ ಮಂಟಪ, ಅಡಿಕೆ ಮಂಡಿ, ಒಂದೆರಡು ಸಹಕಾರ ಸಂಘ, ಇವೇ ನನ್ನ ಗಿರಾಕಿಗಳು. ಪಿಎಚ್‌ಪಿ, ಮೈಎಸ್‌ಕ್ಯೂಎಲ್, ಜೆಕ್ವೆರಿ, ಬೂಟ್‌ಸ್ಟ್ರ್ಯಾಪ್ ಚೆನ್ನಾಗಿ ಬರುತ್ತೆ. ಇಷ್ಟು ವರ್ಷ ಇದರಲ್ಲೇ ನಡೀತು.

ಈಗ ಕೇಳೋದೇ ಬೇರೆ. ಆಗುಂಬೆ ಕಡೆ ಹೋಂಸ್ಟೇ ನಡೆಸುವ ಒಬ್ಬರಿಗೆ, ಯಾವ ದಿನ ಯಾವ ರೂಮು ಖಾಲಿ ಅನ್ನೋದು ಪುಟ ಮತ್ತೆ ಲೋಡ್ ಆಗದೆ ಫೋನಿನಲ್ಲೇ ಕಾಣಬೇಕಂತೆ. ಶಿವಮೊಗ್ಗದಲ್ಲಿ ಕೆಲಸ ವಿಚಾರಿಸಿದರೆ ಮೊದಲ ಪ್ರಶ್ನೆಯೇ "ರಿಯಾಕ್ಟ್ ಬರುತ್ತಾ, ನೋಡ್ ಬರುತ್ತಾ" ಅಂತ. ಒಂದು ಜಾವಾಸ್ಕ್ರಿಪ್ಟಿನಲ್ಲಿ ಪುಟ ಕಟ್ಟುವ ಸಲಕರಣೆ, ಇನ್ನೊಂದು ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವಂಥದ್ದು. ಕಲಿಯಲೇಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೀನಿ.

ಮಳೆಗಾಲದಲ್ಲಿ ನಮ್ಮಲ್ಲಿ ಕೆಲಸ ಕಮ್ಮಿ, ಓದೋಕೆ ಹೊತ್ತು ಸಿಗುತ್ತೆ. ಆದರೆ ಕರೆಂಟು, ನೆಟ್ಟು ಎರಡೂ ನೆಚ್ಚುವ ಹಾಗಿಲ್ಲ. ಅದಕ್ಕೇ ಪುಸ್ತಕ ಕೊಳ್ಳೋಣ ಅಂತ. ಮೂರು ಸಾವಿರ ರೂಪಾಯಿ ತೆಗೆದಿಟ್ಟಿದ್ದೀನಿ. ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದರೆ ರಿಯಾಕ್ಟ್ ಅಂತಲೇ ರಾಶಿ ಪುಸ್ತಕ ಬರುತ್ತವೆ, ಎಲ್ಲಕ್ಕೂ ನಾಲ್ಕೂವರೆ ಸ್ಟಾರು. ಯಾವುದು ತಗೊಳ್ಳಲಿ? ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ ನನ್ನದು, ಇಂಗ್ಲಿಷ್ ಓದ್ತೀನಿ, ಆದರೆ ನಿಧಾನ. ದಯವಿಟ್ಟು ತಿಳಿದವರು ಹೇಳಿ.

ಕೊಪ್ಪದ ಕಾಫಿ

ಪುಸ್ತಕ ಯಾಕೆ ಮಾರಾಯ್ರೆ? ಯೂಟ್ಯೂಬಿನಲ್ಲಿ ಎಲ್ಲ ಪುಕ್ಕಟೆ ಇದೆ, ಕನ್ನಡದಲ್ಲೂ ಹೇಳಿಕೊಡುವವರಿದ್ದಾರೆ. ಪುಸ್ತಕ ಅಚ್ಚಾಗಿ ಬರೋ ಹೊತ್ತಿಗೆ ಹಳತಾಗಿರುತ್ತೆ. ಮೂರು ಸಾವಿರ ನೆಟ್ ಪ್ಯಾಕಿಗೆ ಹಾಕಿ.

ಹೊಸನಗರದಿಂದ

ಕೊಪ್ಪದವರೇ, ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ, ಆ ಅರ್ಧವನ್ನೇ ಇಲ್ಲಿ ಬಿಡಿಸಿ ಹೇಳಬೇಕು. ನಾನು ಬೆಂಗಳೂರಿನ ಕಂಪನಿಗೆ ಹೊಸನಗರದ ಮನೆಯಿಂದಲೇ ಫ್ರಂಟ್‌ಎಂಡ್ ಕೆಲಸ ಮಾಡ್ತೀನಿ, ದಿನವಿಡೀ ರಿಯಾಕ್ಟೇ.

ಬೇಗ ಹಳತಾಗೋದು ಫ್ರೇಮ್‌ವರ್ಕಿನ ಪುಸ್ತಕ, ಅಂದರೆ ರಿಯಾಕ್ಟಿನಂಥ ಸಿದ್ಧ ಚೌಕಟ್ಟುಗಳದ್ದು. ರಿಯಾಕ್ಟ್ 2013ರಲ್ಲಿ ಹೊರಬಂತು. 2019ರ ಫೆಬ್ರವರಿಯಲ್ಲಿ 16.8 ಆವೃತ್ತಿಯ ಜೊತೆ ಹುಕ್ಸ್ ಅನ್ನುವ ಹೊಸ ಫಂಕ್ಷನ್‌ಗಳು ಬಂದವು, ಬರೆಯುವ ರೀತಿಯೇ ಬದಲಾಯ್ತು. ಅದಕ್ಕೂ ಮುಂಚಿನ ಪುಸ್ತಕಗಳೆಲ್ಲ ಕ್ಲಾಸ್ ಬರೆಸಿ, ಕಾಂಪೊನೆಂಟ್‌ಡಿಡ್‌ಮೌಂಟ್ ಅಂತ ಶುರು ಮಾಡ್ತವೆ. ಆಮೇಲೆ 2022ರಲ್ಲಿ 18 ಬಂತು, ಆ್ಯಪ್ ಶುರು ಮಾಡುವ ಮೊದಲ ಸಾಲೇ ಬೇರೆಯಾಯ್ತು: ರಿಯಾಕ್ಟ್‌ಡಾಮ್ ರೆಂಡರ್ ಹೋಗಿ ಕ್ರಿಯೇಟ್‌ರೂಟ್ ಬಂತು. 2024ರ ಡಿಸೆಂಬರಿನ 19ರಲ್ಲಿ ಆ ಹಳೇ ರೆಂಡರನ್ನು ಪೂರ್ತಿ ಕಿತ್ತೇ ಹಾಕಿದರು. ಇನ್ನು ಪುಸ್ತಕಗಳ ಮೊದಲ ಅಧ್ಯಾಯದಲ್ಲೆಲ್ಲ ಇರುವ, ಹೊಸ ಪ್ರಾಜೆಕ್ಟ್ ಸಿದ್ಧ ಮಾಡಿಕೊಡುವ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಇದೆಯಲ್ಲ, ಅದನ್ನು ಹೊಸದಾಗಿ ಬಳಸಬೇಡಿ ಅಂತ ರಿಯಾಕ್ಟ್ ತಂಡದವರೇ 2025ರ ಫೆಬ್ರವರಿಯಲ್ಲಿ ಹೇಳಿಬಿಟ್ಟಿದ್ದಾರೆ. ಈಗ ಸಾಮಾನ್ಯವಾಗಿ ಅದೇ ಕೆಲಸಕ್ಕೆ ವೀಟ್ ಹಾಕಿ ಶುರು ಮಾಡ್ತೀವಿ.

ಅಂದರೆ 2018ರ ಪುಸ್ತಕ ತಂದು ಮೊದಲ ಪುಟದ ಕೋಡ್ ಟೈಪ್ ಮಾಡಿದರೆ, ಹೊಸ ರಿಯಾಕ್ಟಿನಲ್ಲಿ ಮೊದಲ ಸಾಲಿಗೇ ಎರರ್. ಹೊಸಬರಿಗೆ ತಪ್ಪು ತಮ್ಮದೋ ಪುಸ್ತಕದ್ದೋ ಗೊತ್ತಾಗಲ್ಲ, ಅಲ್ಲೇ ಕೈ ಬಿಡ್ತಾರೆ.

ಆದರೆ ರಿಯಾಕ್ಟಿನ ಕೆಳಗಿರೋದು ಜಾವಾಸ್ಕ್ರಿಪ್ಟ್. ಅದು 1995ರದ್ದು. ಅದಕ್ಕೆ ಹೊಸದು ಸೇರುತ್ತೆ, ಹಳೇದನ್ನು ತೆಗೆಯೋದು ತೀರಾ ಅಪರೂಪ. ಅದರ ಒಳ್ಳೆಯ ಪುಸ್ತಕ ಒಂದಿದ್ದರೆ ಹತ್ತು ವರ್ಷ ಶೆಲ್ಫಿನಲ್ಲಿ ಇರುತ್ತೆ. ತುಂಗಾತೀರ ಅವರೇ, ನಿಮ್ಮ ದುಡ್ಡು ಹೋಗಬೇಕಾದ್ದು ಅಲ್ಲಿಗೆ.

ವಿನೋಬನಗರದ ಮೇಷ್ಟ್ರು

ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಹುಡುಗರಿಗೆ ಪಾಠ ಮಾಡುವವನು. ಹೊಸನಗರದವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಇದನ್ನೇ ಇನ್ನೂ ಒಂದು ಹೆಜ್ಜೆ ಮುಂದೆ ತೆಗೆದುಕೊಂಡು ಹೋಗ್ತೀನಿ.

ಪುಸ್ತಕದ ಹೆಸರು ಕೇಳುವ ಮೊದಲು, ಕಲಿಯಬೇಕಾದ್ದು ಯಾವ ಪದರದ್ದು ಅಂತ ಕೇಳಿಕೊಳ್ಳಿ. ಎಲ್ಲಕ್ಕಿಂತ ಕೆಳಗೆ ಎಚ್‌ಟಿಟಿಪಿ, ಬ್ರೌಸರು ಮತ್ತು ಸರ್ವರು ಮಾತಾಡಿಕೊಳ್ಳುವ ನಿಯಮ. ಗೆಟ್, ಪೋಸ್ಟ್, ಕುಕಿ, 404, 500, ಇವೆಲ್ಲ ತೊಂಬತ್ತರ ದಶಕದಿಂದ ಹಾಗೇ ಇವೆ. 2015ರಲ್ಲಿ ಎಚ್‌ಟಿಟಿಪಿ 2 ಬಂತು, 2022ರಲ್ಲಿ 3 ಬಂತು, ಸಾಗಿಸುವ ರೀತಿ ಬದಲಾಯ್ತು, ಈ ಅರ್ಥಗಳು ಬದಲಾಗಲಿಲ್ಲ. ಅದರ ಪಕ್ಕದಲ್ಲಿ ಡೇಟಾಬೇಸ್. ಮಾಹಿತಿಯನ್ನು ಟೇಬಲ್ಲುಗಳಲ್ಲಿ ಇಡುವ ರಿಲೇಶನಲ್ ಮಾದರಿಯ ಮೂಲ ಲೇಖನ ಎಡ್ಗರ್ ಕಾಡ್ ಬರೆದದ್ದು 1970ರಲ್ಲಿ. ಜಾಯಿನ್, ಇಂಡೆಕ್ಸ್, ಟ್ರಾನ್ಸಾಕ್ಷನ್ (ಹಲವು ಹೆಜ್ಜೆಗಳು ಆದರೆ ಎಲ್ಲ ಆಗಬೇಕು, ಇಲ್ಲದಿದ್ದರೆ ಒಂದೂ ಆಗಬಾರದು ಅನ್ನೋದು) ಸರಿಯಾಗಿ ಹೇಳಿದ ಪುಸ್ತಕ ಹದಿನೈದು ವರ್ಷ ಹಳೆಯದಾದರೂ ಓದಬಹುದು. ಅದರ ಮೇಲೆ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್. ಇವು ನಿಧಾನಕ್ಕೆ ಬೆಳೆಯುತ್ತವೆ. ತುತ್ತತುದಿಯಲ್ಲಿ ರಿಯಾಕ್ಟ್, ವ್ಯೂ, ಆ್ಯಂಗ್ಯುಲರ್, ಎಕ್ಸ್‌ಪ್ರೆಸ್, ಲಾರಾವೆಲ್.

ತುದಿಗೆ ಹೋದಷ್ಟೂ ಬದಲಾವಣೆ ಜಾಸ್ತಿ. ಆ್ಯಂಗ್ಯುಲರ್‌ಜೆಎಸ್ ಅಂತ ಒಂದಿತ್ತು, 2010ರಲ್ಲಿ ಶುರುವಾಗಿದ್ದು. 2016ರಲ್ಲಿ ಅದೇ ಹೆಸರಿನ ನೆರಳಲ್ಲಿ ಆ್ಯಂಗ್ಯುಲರ್ 2 ಬಂದಾಗ ಅದು ಬೇರೆಯೇ ಫ್ರೇಮ್‌ವರ್ಕ್. ಹೆಸರು ನೋಡಿ ಹಳೇ ಪುಸ್ತಕ ಹಿಡಿದವರಿಗೆ ಒಂದು ಸಾಲೂ ಉಪಯೋಗಕ್ಕೆ ಬರಲ್ಲ. ವ್ಯೂ 2ಕ್ಕೆ 2023ರ ಕೊನೆಯಲ್ಲಿ ಬೆಂಬಲ ನಿಂತಿದೆ, ಆದರೂ ಅದರ ಪುಸ್ತಕಗಳು ಮಾರಾಟಕ್ಕಿವೆ.

ಹಾಗಾಗಿ ನನ್ನ ಸಲಹೆ: ಕೆಳಗಿನ ಪದರಕ್ಕೆ ಕಾಗದದ ಪುಸ್ತಕ, ತುದಿಯ ಪದರಕ್ಕೆ ಆಯಾ ತಂಡದ ಅಧಿಕೃತ ದಾಖಲೆ.

ಭದ್ರಾವತಿ ಬಿಸಿಎ

ಸರ್, ನಾನು ಬಿಸಿಎ ಎರಡನೇ ವರ್ಷ. ನಮಗೆ ಕ್ಲಾಸಿನಲ್ಲಿ ಕೊಟ್ಟ ಪಿಎಚ್‌ಪಿ ನೋಟ್ಸಿನಲ್ಲಿ ಮೈಎಸ್‌ಕ್ಯೂಎಲ್ ಕನೆಕ್ಟ್, ಮೈಎಸ್‌ಕ್ಯೂಎಲ್ ಕ್ವೆರಿ ಅಂತ ಇದೆ. ಮನೆಯಲ್ಲಿ ಹಾಕಿದರೆ ಆ ಫಂಕ್ಷನ್ನೇ ಇಲ್ಲ ಅನ್ನುತ್ತೆ. ಪರೀಕ್ಷೆಗೆ ಅದನ್ನೇ ಬರೀಬೇಕು. ಏನು ಮಾಡೋದು?

ಇನ್ನೊಂದು, ನನ್ನ ಗೆಳೆಯನ ಹತ್ತಿರ ಜಾನ್ ಡಕೆಟ್ ಬರೆದ ಎಚ್‌ಟಿಎಂಎಲ್ ಸಿಎಸ್‌ಎಸ್ ಪುಸ್ತಕ ಇದೆ, ತುಂಬಾ ಚಿತ್ರ ಇರೋದು. ಅದು ಓದಬಹುದಾ? 2011 ಅಂತಿದೆ.

ಸಾಗರದಕ್ಕ

ತಮ್ಮಾ, ಆ ಫಂಕ್ಷನ್‌ಗಳನ್ನು 2015ರಲ್ಲಿ ಬಂದ ಪಿಎಚ್‌ಪಿ 7ರಲ್ಲೇ ತೆಗೆದುಹಾಕಿದ್ದಾರೆ. ಪರೀಕ್ಷೆಗೆ ಕೇಳಿದ್ದು ಬರಿ, ಮಾರ್ಕು ಬೇಕಲ್ಲ. ಆದರೆ ಮನೆಯಲ್ಲಿ ಅಭ್ಯಾಸ ಮಾಡುವಾಗ ಡೇಟಾಬೇಸ್ ಜೊತೆ ಮಾತಾಡುವ ಪಿಡಿಒ ಕಲಿ, ಕ್ವೆರಿಯನ್ನೂ ಮಾಹಿತಿಯನ್ನೂ ಬೇರೆ ಬೇರೆಯಾಗಿ ಕಳಿಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಕಲಿ. ಬಳಕೆದಾರ ಟೈಪ್ ಮಾಡಿದ್ದನ್ನು ನೇರ ಕ್ವೆರಿಗೆ ಅಂಟಿಸೋದನ್ನು ಯಾವ ಪುಸ್ತಕ ಹೇಳಿಕೊಟ್ಟರೂ ಆ ಪುಸ್ತಕ ಅಲ್ಲಿಗೇ ಮುಚ್ಚು. ಇನ್ಯಾರೋ ನಿನ್ನ ಟೇಬಲ್ಲನ್ನೇ ಅಳಿಸಿ ಹೋಗುವ ದಾರಿ ಅದು.

ಡಕೆಟ್ ಪುಸ್ತಕ ಓದು, ಸಂಕೋಚ ಬೇಡ. ಇಂಗ್ಲಿಷ್ ಕಷ್ಟ ಅನ್ನುವವರಿಗೆ ಅಷ್ಟು ಸರಾಗವಾದ ಪುಸ್ತಕ ಕಮ್ಮಿ. ಹೆಡಿಂಗು, ಲಿಂಕು, ಟೇಬಲ್ಲು, ಫಾರ್ಮು, ಬಣ್ಣ, ಬಾಕ್ಸ್ ಮಾಡೆಲ್ಲು, ಎಲ್ಲ ಇವತ್ತಿಗೂ ಅದೇ. ಲೇಔಟ್ ಅಧ್ಯಾಯ ಬಂದಾಗ ಮಾತ್ರ ನಿಲ್ಲು. ಅಲ್ಲಿ ಫ್ಲೋಟ್ ಹಾಕಿ ಕಾಲಂ ಮಾಡೋದು ಹೇಳಿದ್ದಾರೆ, ಆ ಕಾಲಕ್ಕೆ ಅದೇ ಸರಿ. ಪುಟವನ್ನು ಸಾಲು, ಕಾಲಂ ಆಗಿ ಹಂಚುವ ಸಿಎಸ್‌ಎಸ್ ಗ್ರಿಡ್ ಕ್ರೋಮ್, ಫೈರ್‌ಫಾಕ್ಸ್, ಸಫಾರಿಗೆ ಬಂದಿದ್ದೇ 2017ರ ಮಾರ್ಚಿನಲ್ಲಿ. ಆ ಭಾಗಕ್ಕೆ ವೆಬ್ ದಾಖಲೆಗಳ ತಾಣ ಎಂಡಿಎನ್‌ನಲ್ಲಿ ಫ್ಲೆಕ್ಸ್‌ಬಾಕ್ಸ್, ಗ್ರಿಡ್ ಓದಿಕೋ. ಹಳೇ ಪುಸ್ತಕದ ಯಾವ ಭಾಗ ಹಳತಾಗಿದೆ ಅಂತ ಗೊತ್ತಿದ್ದರೆ ಅದು ಉಪಯೋಗಕ್ಕೆ ಬರುತ್ತೆ.

ಇನ್ನು ಮೇಷ್ಟ್ರ ಮಾತಿಗೆ ನನ್ನದೊಂದು ತಕರಾರು ಇದೆ, ಮಧ್ಯಾಹ್ನ ಕೂತು ಬರೀತೀನಿ.

ತುಂಗಾತೀರ, ತೀರ್ಥಹಳ್ಳಿ

ಎಷ್ಟು ಉಪಕಾರ ಆಯ್ತು ಅಂತ ಹೇಳೋಕಾಗಲ್ಲ. ಹಾಗಾದರೆ ಜಾವಾಸ್ಕ್ರಿಪ್ಟ್ ಪುಸ್ತಕ ಅಂತ ಇಟ್ಟುಕೊಳ್ಳೋಣ. ಬೆಂಗಳೂರಿಗೆ ಹೋಗುವ ಪರಿಚಯದವರಿಗೆ ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ನೋಡೋಕೆ ಹೇಳಿದ್ದೆ. ಘೇಂಡಾಮೃಗದ ಚಿತ್ರ ಇರುವ ದಪ್ಪ ಪುಸ್ತಕದ ಫೋಟೋ ಕಳಿಸಿದ್ದಾರೆ, ಕಾಲು ಭಾಗ ಬೆಲೆಗೆ ಸಿಗುತ್ತಂತೆ. ಎಲ್ಲರೂ ಹೊಗಳುವ ಪುಸ್ತಕ ಇದೇ ಅಲ್ವಾ? ತಗೊಳ್ಳಲಾ?

ಹೊಸನಗರದಿಂದ

ಸ್ವಲ್ಪ ತಡೀರಿ. ಎಷ್ಟನೇ ಆವೃತ್ತಿ ಅಂತ ಮೊದಲು ಕೇಳಿ. ಅದು ಡೇವಿಡ್ ಫ್ಲಾನಗನ್ ಅವರ "ಜಾವಾಸ್ಕ್ರಿಪ್ಟ್: ದಿ ಡೆಫಿನಿಟಿವ್ ಗೈಡ್". ಆರನೆಯದಕ್ಕೂ ಏಳನೆಯದಕ್ಕೂ ಮುಖಪುಟದಲ್ಲಿ ಘೇಂಡಾಮೃಗವೇ. ಆರನೆಯದು 2011ರದ್ದು, ಏಳನೆಯದು 2020ರದ್ದು. ಮಧ್ಯೆ 2015ರಲ್ಲಿ ಜಾವಾಸ್ಕ್ರಿಪ್ಟಿನ ದೊಡ್ಡ ಹೊಸ ಆವೃತ್ತಿ ಇಎಸ್6 ಬಂತು. ಲೆಟ್, ಕಾನ್ಸ್ಟ್, ಆ್ಯರೋ ಫಂಕ್ಷನ್, ಪ್ರಾಮಿಸ್, ಮಾಡ್ಯೂಲ್, ಕ್ಲಾಸ್, ಟೆಂಪ್ಲೇಟ್ ಸ್ಟ್ರಿಂಗ್, ಇವತ್ತು ರಿಯಾಕ್ಟ್ ಕೋಡಿನ ಪ್ರತಿ ಸಾಲಿನಲ್ಲೂ ಇರುವವು ಇವೇ. 2017ರಲ್ಲಿ ಅಸಿಂಕ್ ಅವೇಟ್ ಸೇರಿತು. ಆರನೆಯ ಆವೃತ್ತಿಯಲ್ಲಿ ಇವು ಈಗಿನ ರೂಪದಲ್ಲಿ ಇಲ್ಲ. ಬದಲಿಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಹೇಗೆ, ಬೇರೆಯದರಲ್ಲಿ ಹೇಗೆ ಅನ್ನೋದಕ್ಕೆ ಪುಟಗಟ್ಟಲೆ ಇದೆ. ಆ ಬ್ರೌಸರಿನ ಕೊನೆಯ ಆವೃತ್ತಿಗೇ 2022ರ ಜೂನಿನಲ್ಲಿ ಬೆಂಬಲ ನಿಂತಿದೆ.

ಕಾಲು ಬೆಲೆಗೆ ಸಿಗ್ತಿದೆ ಅಂದರೆ ಆರನೆಯದೇ ಇರಬಹುದು. ಮುಖಪುಟದ ಫೋಟೋ ಸಾಲದು, ಒಳಗಿನ ಕಾಪಿರೈಟ್ ಪುಟದ ಫೋಟೋ ಕೇಳಿ. ಅಲ್ಲಿ ಎಷ್ಟನೆಯ ಆವೃತ್ತಿ, ಯಾವ ವರ್ಷ ಅಂತ ಇರುತ್ತೆ. ಒಂದು ಎಚ್ಚರಿಕೆ: ಮರುಮುದ್ರಣದ ವರ್ಷವನ್ನೂ ಅಲ್ಲೇ ಹಾಕಿರುತ್ತಾರೆ. 2011ರ ಪುಸ್ತಕವನ್ನು 2016ರಲ್ಲಿ ಮರುಮುದ್ರಿಸಿದರೆ 2016 ಅಂತ ಕಾಣುತ್ತೆ, ಒಳಗಿನ ಅಕ್ಷರ ಒಂದೂ ಬದಲಾಗಿರಲ್ಲ. ನೋಡಬೇಕಾದ್ದು ಆವೃತ್ತಿಯ ವರ್ಷ.

ಅಂಗಡಿಯಲ್ಲೇ ನಿಂತು ನೋಡುವುದಾದರೆ ಕೊನೆಯ ಇಂಡೆಕ್ಸ್ ತೆರೆದು ಅಸಿಂಕ್ ಹುಡುಕಿ, ಪ್ರಾಮಿಸ್ ಹುಡುಕಿ. ಸಿಗದಿದ್ದರೆ ವಾಪಸ್ ಇಡಿ.

ತುಂಗಾತೀರ, ತೀರ್ಥಹಳ್ಳಿ

ಆರನೆಯದೇ ಅಂತೆ. ಬೇಡ ಅಂತ ಹೇಳಿಬಿಟ್ಟೆ.

ಸಾಗರದಕ್ಕ

ಬೆಳಿಗ್ಗೆ ಹೇಳಿದ ತಕರಾರಿಗೆ ಬರ್ತೀನಿ. ಫ್ರೇಮ್‌ವರ್ಕಿಗೆ ಅಧಿಕೃತ ದಾಖಲೆ ಸಾಕು ಅಂತ ಮೇಷ್ಟ್ರು ಹೇಳಿದರು. ಅನುಭವ ಇದ್ದವರಿಗೆ ಸಾಕು. ಮೊದಲ ಸಲ ಕಲಿಯುವವರಿಗೆ ದಾಖಲೆಯಲ್ಲಿ ಎಲ್ಲ ಇರುತ್ತೆ, ಯಾವುದರ ನಂತರ ಯಾವುದು ಅನ್ನೋದು ಇರಲ್ಲ. ಪುಸ್ತಕ ಬರೆದವರು ಆ ಕೆಲಸ ಮಾಡಿರ್ತಾರೆ. ಮೊದಲ ಅಧ್ಯಾಯದಲ್ಲಿ ಶುರುವಾದ ಒಂದೇ ಪ್ರಾಜೆಕ್ಟು ಕೊನೆಯವರೆಗೆ ಬೆಳೆದು, ಲಾಗಿನ್ ಬಂದು, ಟೆಸ್ಟ್ ಬಂದು, ಸರ್ವರಿಗೆ ಹೋಗಿ ಕೂರುವುದನ್ನು ಕೈ ಹಿಡಿದು ತೋರಿಸುವ ಪುಸ್ತಕಕ್ಕೆ ಕೊಟ್ಟ ದುಡ್ಡು ದಂಡ ಅಲ್ಲ.

ಆದರೆ ಅಂಥ ಪುಸ್ತಕ ಆರಿಸುವಾಗ ಆ ಫ್ರೇಮ್‌ವರ್ಕಿನ ನಡಿಗೆ ಹೇಗಿದೆ ನೋಡಬೇಕು. ನನ್ನ ಕೆಲಸ ಪೈಥಾನ್ ಭಾಷೆಯ ಫ್ರೇಮ್‌ವರ್ಕ್ ಜಾಂಗೋದಲ್ಲಿ. ಅವರು ಎಂಟು ತಿಂಗಳಿಗೊಂದರಂತೆ ಆವೃತ್ತಿ ಬಿಡ್ತಾರೆ, ಅದರಲ್ಲಿ ಕೆಲವನ್ನು ದೀರ್ಘ ಬೆಂಬಲದ್ದು ಅಂತ ಗುರುತಿಸ್ತಾರೆ. 2023ರ ಏಪ್ರಿಲಿನ 4.2 ಅಂಥದ್ದು, 2025ರ ಏಪ್ರಿಲಿನ 5.2 ಅಂಥದ್ದು. ಅವಕ್ಕೆ ಮೂರು ವರ್ಷ ಭದ್ರತೆಯ ತಿದ್ದುಪಡಿ ಬರುತ್ತೆ. ಪುಸ್ತಕ ಆ ಆವೃತ್ತಿಯ ಮೇಲೆ ಬರೆದಿದ್ದರೆ ಓದಿ ಮುಗಿಸಿ, ಕೆಲಸ ಮಾಡಿಕೊಟ್ಟು, ಗಿರಾಕಿ ಒಂದೆರಡು ವರ್ಷ ಬಳಸುವವರೆಗೂ ಚಿಂತೆ ಇಲ್ಲ. ಲಾರಾವೆಲ್ ವರ್ಷಕ್ಕೊಂದು ದೊಡ್ಡ ಆವೃತ್ತಿ ಬಿಡುತ್ತೆ, ಭದ್ರತಾ ತಿದ್ದುಪಡಿ ಎರಡು ವರ್ಷ. ಅಲ್ಲಿ ಪುಸ್ತಕದ ಆಯುಷ್ಯ ಅಷ್ಟಕ್ಕೇ.

ಇನ್ನೊಂದು ಮುಖ್ಯ. ಪುಸ್ತಕದ ಕೋಡನ್ನು ಲೇಖಕರು ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿ ಇಟ್ಟಿರ್ತಾರೆ. ಕೊಳ್ಳುವ ಮೊದಲು ಅಲ್ಲಿ ಹೋಗಿ ಕೊನೆಯ ತಿದ್ದುಪಡಿ ಯಾವಾಗ ಆಗಿದೆ ನೋಡಿ, ಓದುಗರು ಹಾಕಿದ ದೂರಿಗೆ ಉತ್ತರ ಕೊಟ್ಟಿದ್ದಾರಾ ನೋಡಿ. ಪ್ರಕಾಶಕರ ತಾಣದಲ್ಲಿ ತಪ್ಪೋಲೆ ಇರುತ್ತೆ, ಅದನ್ನೂ ಓದಿ. ತಪ್ಪು ಒಪ್ಪಿಕೊಂಡು ತಿದ್ದುವ ಲೇಖಕರ ಪುಸ್ತಕವನ್ನು ನಾನು ಕಣ್ಣು ಮುಚ್ಚಿ ಕೊಳ್ತೀನಿ. ಅಂಗಡಿಯ ನಾಲ್ಕೂವರೆ ಸ್ಟಾರಿಗಿಂತ ಇದು ಗಟ್ಟಿ ಸಾಕ್ಷಿ.

ವಿನೋಬನಗರದ ಮೇಷ್ಟ್ರು

ಸಾಗರದಕ್ಕನ ಮಾತು ಒಪ್ಪಿದೆ. ಕ್ರಮ ಅನ್ನೋದು ಪುಸ್ತಕದ ದೊಡ್ಡ ಗುಣ, ಅದನ್ನು ನಾನು ಹೇಳಬೇಕಿತ್ತು. ಜಾಂಗೋದ ಸ್ಥಿರತೆ ರಿಯಾಕ್ಟಿನ ಸುತ್ತಲಿನ ಸಲಕರಣೆಗಳಿಗೆ ಇಲ್ಲ ಅನ್ನೋದಷ್ಟೇ ನನ್ನ ಆತಂಕ. ರಿಯಾಕ್ಟ್ ತಂಡದ ಅಧಿಕೃತ ಕಲಿಕೆಯ ಭಾಗವನ್ನು 2023ರಲ್ಲಿ ಪೂರ್ತಿ ಹೊಸದಾಗಿ ಬರೆದಿದ್ದಾರೆ, ಹುಕ್ಸ್ ಇಟ್ಟುಕೊಂಡೇ, ಕ್ರಮವಾಗಿ, ಅಭ್ಯಾಸಗಳ ಸಮೇತ. ರಿಯಾಕ್ಟಿನ ಮಟ್ಟಿಗೆ ಅದೇ ಪುಸ್ತಕ ಅಂತ ಇಟ್ಟುಕೊಳ್ಳಬಹುದು.

ಕೊಪ್ಪದ ಕಾಫಿ

ಸರಿ, ಪುಸ್ತಕ ಒಪ್ಪಿದೆ. ಆದರೆ ಈಗ ಚಾಟ್‌ಜಿಪಿಟಿ ಕೇಳಿದರೆ ಬುಕಿಂಗ್ ಪುಟವನ್ನೇ ಬರೆದುಕೊಡುತ್ತೆ. ಆರು ತಿಂಗಳು ಓದಿ ಕಲಿಯೋ ಅವಶ್ಯಕತೆ ಇದೆಯಾ? ನಿಜವಾಗಲೂ ತಿಳ್ಕೊಳ್ಳೋಕೆ ಕೇಳ್ತಿದ್ದೀನಿ.

ಹೊಸನಗರದಿಂದ

ನಾನೂ ದಿನಾ ಬಳಸ್ತೀನಿ. ಬರೆದುಕೊಡುತ್ತೆ, ಸರಿಯಾಗಿಯೇ ಬರೆದುಕೊಡುತ್ತೆ ಎಷ್ಟೋ ಸಲ. ಆದರೆ ಒಂದೇ ರೂಮನ್ನು ಇಬ್ಬರು ಒಂದೇ ಹೊತ್ತಿಗೆ ಬುಕ್ ಮಾಡಿದರೆ ಏನಾಗುತ್ತೆ ಅಂತ ಕೇಳಬೇಕು ಅನ್ನೋದು ಹೊಳೆಯಬೇಕಲ್ಲ? ಟ್ರಾನ್ಸಾಕ್ಷನ್ ಅಂದರೇನು ಅಂತ ಓದಿದವರಿಗೆ ಅದು ಹೊಳೆಯುತ್ತೆ. ಹೋಂಸ್ಟೇ ಬಾಗಿಲಲ್ಲಿ ಎರಡು ಕುಟುಂಬ ಸಾಮಾನು ಹಿಡಿದು ನಿಂತಾಗ ಗಿರಾಕಿ ಫೋನ್ ಮಾಡೋದು ತುಂಗಾತೀರ ಅವರಿಗೆ. ಹಳೇ ರೀತಿಯ ಕೋಡನ್ನೂ ಅದು ಆಗಾಗ ಕೊಡುತ್ತೆ, ಕಲಿತಿದ್ದರೆ ಗುರುತು ಸಿಗುತ್ತೆ. ಪುಸ್ತಕ ಓದುವಾಗ ಅರ್ಥವಾಗದ ಪ್ಯಾರಾ ಹಾಕಿ, ಕನ್ನಡದಲ್ಲಿ ಬಿಡಿಸಿ ಹೇಳು ಅಂತ ಕೇಳಿ ನೋಡಿ. ಅದು ಒಳ್ಳೆಯ ಉಪಯೋಗ.

ತುಂಗಾತೀರ, ತೀರ್ಥಹಳ್ಳಿ

ಇಂಗ್ಲಿಷಿನ ವಿಷಯಕ್ಕೆ ಬರೋಣ. ನನ್ನ ದೊಡ್ಡ ಭಯ ಅದೇ. ಎಲೊಕ್ವೆಂಟ್ ಜಾವಾಸ್ಕ್ರಿಪ್ಟ್ ಅಂತ ಒಂದನ್ನು ಆನ್‌ಲೈನಿನಲ್ಲಿ ಪುಕ್ಕಟೆ ಓದಬಹುದು ಅಂದರು. ತೆರೆದು ನೋಡಿದೆ, ಮೊದಲ ಅಧ್ಯಾಯಗಳು ಸರಿ ಹೋದವು, ಮುಂದೆ ಬಿಗಿಯಾಯ್ತು.

ವಿನೋಬನಗರದ ಮೇಷ್ಟ್ರು

ಮರೈನ್ ಹಾವರ್‌ಬೆಕೆ ಅವರ ಪುಸ್ತಕ ಅದು, ನಾಲ್ಕನೇ ಆವೃತ್ತಿ 2024ರದ್ದು. ಲೇಖಕರೇ ಪುಕ್ಕಟೆ ಇಟ್ಟಿದ್ದಾರೆ, ಅಚ್ಚಿನ ಪ್ರತಿಯೂ ಸಿಗುತ್ತೆ. ಬಿಗಿ ಆಗೋದು ಇಂಗ್ಲಿಷಿನಿಂದ ಮಾತ್ರ ಅಲ್ಲ, ಅದರ ವಿಚಾರವೇ ಬಿಗಿ. ಫಂಕ್ಷನ್ನನ್ನೇ ಫಂಕ್ಷನ್ನಿಗೆ ಕೊಡುವ ಅಧ್ಯಾಯ ಇದೆ, ಇಂಗ್ಲಿಷ್ ಮಾಧ್ಯಮದ ನನ್ನ ವಿದ್ಯಾರ್ಥಿಗಳೂ ಅಲ್ಲಿ ತಡೀತಾರೆ. ಆ ಅಧ್ಯಾಯ ದಾಟಿದವರಿಗೆ ರಿಯಾಕ್ಟ್ ಸುಲಭ, ಯಾಕೆಂದರೆ ಅಲ್ಲಿ ಪಟ್ಟಿ ತೋರಿಸೋದು ಸಾಮಾನ್ಯವಾಗಿ ಮ್ಯಾಪ್, ಫಿಲ್ಟರ್ ಅನ್ನುವ ಅಂಥ ಫಂಕ್ಷನ್‌ಗಳಿಂದಲೇ.

ಕನ್ನಡ ಮಾಧ್ಯಮದಿಂದ ಬಂದ ಹುಡುಗರಿಗೆ ನಾನು ಹೇಳುವ ವಿಧಾನ ಹೀಗೆ. ಪ್ಯಾರಾ ಬಿಟ್ಟು ಮೊದಲು ಕೋಡ್ ಓದಿ. ಕೋಡ್ ಎಲ್ಲರಿಗೂ ಒಂದೇ ಭಾಷೆ. ಅದನ್ನು ಟೈಪ್ ಮಾಡಿ, ನಕಲು ಮಾಡಿ ಅಂಟಿಸಬೇಡಿ. ಓಡಿಸಿ. ಏನು ಬರುತ್ತೆ ಅಂತ ಓಡಿಸುವ ಮೊದಲೇ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡಿ. ಆಮೇಲೆ ಪ್ಯಾರಾ ಓದಿ. ಏನಾಗ್ತಿದೆ ಅಂತ ಆಗಲೇ ಕಂಡಿರುವುದರಿಂದ ಇಂಗ್ಲಿಷ್ ಅರ್ಧಕ್ಕರ್ಧ ತಾನೇ ಬಿಡಿಸಿಕೊಳ್ಳುತ್ತೆ. ಕೊಳ್ಳುವ ಮುಂಚೆಯೂ ಇದೇ ಪರೀಕ್ಷೆ: ಪ್ರಕಾಶಕರ ತಾಣದಲ್ಲಿ ಮಾದರಿ ಅಧ್ಯಾಯ ಇರುತ್ತೆ. ಮೊದಲನೆಯದು ಎಲ್ಲ ಪುಸ್ತಕದಲ್ಲೂ ಸುಲಭವೇ. ಮಧ್ಯದ್ದೊಂದು ಸಿಕ್ಕರೆ ಅದನ್ನು ಓದಿ, ಕೋಡ್ ಓಡಿಸಿ ನೋಡಿ. ಓಡಿದರೆ, ಕೊನೆಗೆ ಅಭ್ಯಾಸದ ಪ್ರಶ್ನೆಗಳಿದ್ದರೆ ಕೊಳ್ಳಿ.

ಸಾಗರದಕ್ಕ

ಕನ್ನಡದ ಮಾತು ಬಂತಲ್ಲ, ನಾನು ಯಾವ ಜಾವಾಸ್ಕ್ರಿಪ್ಟ್ ಪುಸ್ತಕ ಕೈಗೆತ್ತಿಕೊಂಡರೂ ಇಂಡೆಕ್ಸಿನಲ್ಲಿ ಮೊದಲು ಹುಡುಕೋದು ಯೂನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ವ್ಯವಸ್ಥೆ. ನಮ್ಮ ಗಿರಾಕಿಗಳ ಹೆಸರು, ಊರು, ವಿಳಾಸ ಎಲ್ಲ ಕನ್ನಡದಲ್ಲಿ ಬರೋದರಿಂದ ಇದು ನಮಗೆ ತೀರಾ ಬೇಕಾದ್ದು.

ಈಗಲೇ ಬ್ರೌಸರಿನ ಕನ್ಸೋಲ್ ತೆರೆದು "ಶಿವಮೊಗ್ಗ" ಅಂತ ಸ್ಟ್ರಿಂಗ್ ಹಾಕಿ ಲೆಂತ್ ಕೇಳಿ. ನಮ್ಮ ಕಣ್ಣಿಗೆ ನಾಲ್ಕಕ್ಷರ. ಅದು 8 ಅನ್ನುತ್ತೆ. ಶ, ಇಕಾರದ ಗುಡಿಸು, ವ, ಮ, ಒಕಾರದ ಚಿಹ್ನೆ, ಗ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಗ, ಹೀಗೆ ಲೆಕ್ಕ. ಈಗ ಸ್ಲೈಸ್ ಹಾಕಿ ಮೊದಲ ನಾಲ್ಕು ಕೇಳಿ. "ಶಿವಮ" ಬರುತ್ತೆ. ಏಳು ಕೇಳಿದರೆ "ಶಿವಮೊಗ್" ಅಂತ ಒತ್ತಕ್ಷರ ಕತ್ತರಿಸಿ ಕೊಡುತ್ತೆ. ಕಾರ್ಡಿನಲ್ಲಿ ಶೀರ್ಷಿಕೆ ಉದ್ದವಾದರೆ ಇಪ್ಪತ್ತಕ್ಷರಕ್ಕೆ ಕತ್ತರಿಸು ಅಂತ ಇಂಗ್ಲಿಷ್ ಉದಾಹರಣೆಗಳಲ್ಲಿ ಹೇಳಿಕೊಟ್ಟಿದ್ದನ್ನು ನಾವು ಹಾಗೇ ಹಾಕಿದರೆ ಹೋಂಸ್ಟೇ ಹೆಸರೇ ಕೆಟ್ಟು ಕೂರುತ್ತೆ. ಅಲ್ಲಿ ಜಾವಾಸ್ಕ್ರಿಪ್ಟಿನಿಂದ ಕತ್ತರಿಸಬೇಡಿ, ಸಿಎಸ್‌ಎಸ್‌ನ ಟೆಕ್ಸ್ಟ್ ಓವರ್‌ಫ್ಲೋ ಎಲಿಪ್ಸಿಸ್ ಬಳಸಿ.

ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಚಿಹ್ನೆಗೂ ಮೂರು ಬೈಟ್, ಶಿವಮೊಗ್ಗಕ್ಕೆ ಒಟ್ಟು 24. ಬೈಟ್ ಲೆಕ್ಕದಲ್ಲಿ ಮಿತಿ ಹಾಕುವ ಕಡೆಯೆಲ್ಲ ಇದು ಅಡ್ಡ ಬರುತ್ತೆ. ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್ ಮಾಡುವಾಗ ಯುಟಿಎಫ್8ಎಂಬಿ4 ಹಾಕಿ. ಹಳೇ ಯುಟಿಎಫ್8ಗೆ ಕನ್ನಡ ಹಿಡಿಸುತ್ತೆ, ಎಮೋಜಿ ಹಿಡಿಸಲ್ಲ, ಅತಿಥಿಗಳು ವಿಮರ್ಶೆಯಲ್ಲಿ ಎಮೋಜಿ ಹಾಕದೆ ಬಿಡಲ್ಲ. ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಭಾಷೆ ಕೆಎನ್ ಅಂತ ಹಾಕೋದನ್ನೂ ಮರೆಯಬೇಡಿ, ಪರದೆ ಓದಿ ಹೇಳುವ ತಂತ್ರಾಂಶಕ್ಕೆ ಕನ್ನಡ ಅಂತ ಗೊತ್ತಾಗೋದು ಅದರಿಂದಲೇ.

ಫ್ಲಾನಗನ್ ಏಳನೇ ಆವೃತ್ತಿಯಲ್ಲಿ ಯೂನಿಕೋಡ್ ಇದೆ, ದಿನಾಂಕ, ಸಂಖ್ಯೆಗಳನ್ನು ಆಯಾ ದೇಶದ ರೀತಿ ತೋರಿಸುವ ಇಂಟ್ಲ್ ಬಗ್ಗೆ ಪ್ರತ್ಯೇಕ ಭಾಗವೇ ಇದೆ. ಲಕ್ಷಕ್ಕೆ ಎರಡಂಕಿಗೊಂದು ಕಾಮಾ ಹಾಕಿ ಅಡಿಕೆ ಲೆಕ್ಕ ತೋರಿಸಲು ಅದು ಬೇಕು. ಹಾವರ್‌ಬೆಕೆಯವರೂ ಯುಟಿಎಫ್-16 ಬಗ್ಗೆ ಬಿಡಿಸಿ ಹೇಳಿದ್ದಾರೆ.

ಭದ್ರಾವತಿ ಬಿಸಿಎ

ಅಕ್ಕಾ, ಈಗ ಹಾಕಿ ನೋಡಿದೆ, 8 ಬಂತು! ನಮ್ಮೂರಿನ ಹೆಸರೂ ಹಾಕಿದೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಟೆಲಿಗ್ರಾಂನಲ್ಲಿ ಎಲ್ಲ ಪುಸ್ತಕದ ಪಿಡಿಎಫ್ ಸಿಗುತ್ತೆ ಅಂತಾರೆ ನಮ್ಮ ಹುಡುಗರು. ಅದು ಸರಿನಾ?

ವಿನೋಬನಗರದ ಮೇಷ್ಟ್ರು

ಕದ್ದದ್ದರ ಅಗತ್ಯವೇ ಇಲ್ಲ. ಹಾವರ್‌ಬೆಕೆ ಪುಸ್ತಕ ಪುಕ್ಕಟೆ. ಕೈಲ್ ಸಿಂಪ್ಸನ್ ಅವರ "ಯೂ ಡೋಂಟ್ ನೋ ಜೆಎಸ್" ಸರಣಿಯನ್ನು ಲೇಖಕರೇ ಗಿಟ್‌ಹಬ್‌ನಲ್ಲಿ ಓದಲು ಇಟ್ಟಿದ್ದಾರೆ. ಎಂಡಿಎನ್ ಪುಕ್ಕಟೆ. ಪೈಥಾನ್, ಜಾಂಗೋ ದಾಖಲೆಗಳನ್ನು ಅವರ ತಾಣದಿಂದಲೇ ಇಳಿಸಿಕೊಳ್ಳಬಹುದು. ಕಾಲೇಜಿನ ಗ್ರಂಥಾಲಯಕ್ಕೆ ಇಂಥ ಪುಸ್ತಕ ತರಿಸಿ ಅಂತ ಬರೆದು ಕೊಡು, ಆವೃತ್ತಿ ಮತ್ತು ಐಎಸ್‌ಬಿಎನ್ ಸಮೇತ. ಆವೃತ್ತಿ ಬರೆಯದಿದ್ದರೆ ಸರಬರಾಜು ಮಾಡುವವರು ತಮ್ಮ ಬಳಿ ಇರುವ ಹಳೇದನ್ನೇ ತಂದು ಹಾಕ್ತಾರೆ.

ಹೊಸನಗರದಿಂದ

ತುಂಗಾತೀರ ಅವರೇ, ನೆಟ್ ಇಲ್ಲದ ದಿನಗಳಿಗೆ ಇನ್ನೊಂದು ಏರ್ಪಾಡು. ಡೆವ್‌ಡಾಕ್ಸ್ ಅಂತ ತಾಣ ಇದೆ. ಎಂಡಿಎನ್‌ನ ಜಾವಾಸ್ಕ್ರಿಪ್ಟ್, ಸಿಎಸ್‌ಎಸ್, ಎಚ್‌ಟಿಎಂಎಲ್ ಭಾಗಗಳು, ರಿಯಾಕ್ಟ್, ನೋಡ್, ಪಿಎಚ್‌ಪಿ ಎಲ್ಲವನ್ನೂ ಆಫ್‌ಲೈನ್ ಇಟ್ಟುಕೊಳ್ಳಬಹುದು. ಸಿಗ್ನಲ್ ಚೆನ್ನಾಗಿರುವ ಒಂದು ದಿನ ಪೇಟೆಗೆ ಹೋದಾಗ ಇಳಿಸಿಬಿಡಿ. ಎನ್‌ಪಿಎಂ ಪ್ಯಾಕೇಜುಗಳನ್ನೂ (ನೆಟ್ಟಿನಿಂದ ಇಳಿಸುವ ಸಿದ್ಧ ಕೋಡ್) ಆಗಲೇ ಹಾಕಿ, ವೀಟ್ ಪ್ರಾಜೆಕ್ಟ್ ಒಂದನ್ನು ಪೂರ್ತಿ ಸಿದ್ಧ ಮಾಡಿ ಫೋಲ್ಡರ್ ಇಟ್ಟುಕೊಳ್ಳಿ. ಆಮೇಲೆ ಅಭ್ಯಾಸಕ್ಕೆ ನೆಟ್ ಬೇಕಾಗಲ್ಲ. ಇದನ್ನು ಮಾಡದಿದ್ದರೆ ಪುಸ್ತಕದ ಮೊದಲ ಪುಟದಲ್ಲೇ "ಎನ್‌ಪಿಎಂ ಇನ್‌ಸ್ಟಾಲ್ ಮಾಡಿ" ಅಂತ ಬಂದಾಗ ಮಳೆ ನಿಲ್ಲೋವರೆಗೆ ಕಾಯಬೇಕು.

ಫೋನಿನಲ್ಲಿ ಇ-ಪುಸ್ತಕ ಓದೋದು ಕೋಡಿಗೆ ಸರಿ ಹೋಗಲ್ಲ. ಸಾಲು ಮುರಿದು ಎಲ್ಲಿ ಬ್ರ್ಯಾಕೆಟ್ ಮುಗೀತು ಗೊತ್ತಾಗಲ್ಲ. ಕಾಗದ, ಇಲ್ಲವೇ ಲ್ಯಾಪ್‌ಟಾಪಿನಲ್ಲಿ ಪಿಡಿಎಫ್.

ಓ'ರೈಲಿ ಪುಸ್ತಕಗಳಿಗೆ ಭಾರತದ ಮರುಮುದ್ರಣ ಇದೆ, ಶ್ರಾಫ್ ಪಬ್ಲಿಷರ್ಸ್ ಅವರದ್ದು. ಆಮದು ಪ್ರತಿಗಿಂತ ತುಂಬಾ ಅಗ್ಗ. ಕೆಲವಕ್ಕೆ ಗ್ರೇಸ್ಕೇಲ್ ಅಂತ ಬರೆದಿರುತ್ತೆ, ಅಂದರೆ ಒಳಗೆ ಬಣ್ಣ ಇಲ್ಲ. ಜಾವಾಸ್ಕ್ರಿಪ್ಟ್, ಎಸ್‌ಕ್ಯೂಎಲ್ ಪುಸ್ತಕಕ್ಕೆ ಬಣ್ಣ ಇಲ್ಲದಿದ್ದರೆ ನಷ್ಟ ಇಲ್ಲ. ಸಿಎಸ್‌ಎಸ್, ವಿನ್ಯಾಸದ ಪುಸ್ತಕವನ್ನು ಮಾತ್ರ ಬಣ್ಣದ್ದೇ ತಗೊಳ್ಳಿ.

ತುಂಗಾತೀರ, ತೀರ್ಥಹಳ್ಳಿ

ತೀರ್ಮಾನ ಮಾಡಿದೆ. ಫ್ಲಾನಗನ್ ಏಳನೇ ಆವೃತ್ತಿ, ಭಾರತದ ಮರುಮುದ್ರಣ, ಅಂಚೆಯಲ್ಲಿ ಬರುವ ಹಾಗೆ ಆರ್ಡರ್ ಹಾಕಿದ್ದೀನಿ. ಖಾಸಗಿ ಕೊರಿಯರಿನವರು ನಮ್ಮ ಮನೆವರೆಗೆ ಬರಲ್ಲ, ಅಂಚೆಯಣ್ಣ ಬರ್ತಾರೆ. ಉಳಿದ ದುಡ್ಡಿಗೆ ಒಂದು ಎಸ್‌ಕ್ಯೂಎಲ್ ಪುಸ್ತಕ. ಟ್ರಾನ್ಸಾಕ್ಷನ್ ಅಧ್ಯಾಯ ಇದೆಯಾ ಅಂತ ನೋಡಿಯೇ ಆರಿಸಿದೆ. ರಿಯಾಕ್ಟಿಗೆ ಪುಸ್ತಕ ಕೊಳ್ಳಲ್ಲ, ಡೆವ್‌ಡಾಕ್ಸಿನಲ್ಲಿ ಇಳಿಸಿಕೊಂಡಿದ್ದೀನಿ. ಅಭ್ಯಾಸಕ್ಕೆ ಅಡಿಕೆ ಧಾರಣೆಯ ಪುಟ ಮಾಡ್ತೀನಿ: ರಾಶಿ, ಬೆಟ್ಟೆ, ಸರಕು, ಗೊರಬಲು ಆರಿಸಿದರೆ ಆ ದಿನದ ಕನಿಷ್ಠ, ಗರಿಷ್ಠ ಕಾಣೋ ಹಾಗೆ. ಮಂಡಿಯವರೂ ಬಹಳ ದಿನದಿಂದ ಕೇಳ್ತಿದ್ದಾರೆ.

ಕೊನೆಯ ಪ್ರಶ್ನೆ. ಇದಕ್ಕೆಲ್ಲ ಪಿಎಚ್‌ಪಿ ಬಿಟ್ಟು ನೋಡ್ ಕಲಿಯಲೇಬೇಕಾ?

ವಿನೋಬನಗರದ ಮೇಷ್ಟ್ರು

ಬೇಡ. ಈ ಪ್ರಾಜೆಕ್ಟಿಗೆ ಪಿಎಚ್‌ಪಿ ಇರಲಿ, ಎಂಟನೇ ಆವೃತ್ತಿಗೆ ಬನ್ನಿ ಸಾಕು. ಎಚ್‌ಟಿಎಂಎಲ್ ಎಕೋ ಮಾಡುವ ಬದಲು ಧಾರಣೆಯನ್ನು ಜೇಸನ್ ಆಗಿ, ಅಂದರೆ ಬರೀ ಮಾಹಿತಿಯ ಪಠ್ಯವಾಗಿ ಕೊಡಲಿ. ಮೊದಲು ರಿಯಾಕ್ಟ್ ಇಲ್ಲದೆ, ಬರೀ ಜಾವಾಸ್ಕ್ರಿಪ್ಟಿನಲ್ಲಿ ಅದನ್ನು ತಂದು ಟೇಬಲ್ ತುಂಬಿಸಿ. ಅದು ನಡೆದ ಮೇಲೆ ಅದೇ ಪುಟವನ್ನು ರಿಯಾಕ್ಟಿನಲ್ಲಿ ಬರೆಯಿರಿ. ರಿಯಾಕ್ಟ್ ಯಾವ ಕೆಲಸ ಹಗುರ ಮಾಡುತ್ತೆ ಅಂತ ಆಗ ನಿಮಗೇ ಕಾಣುತ್ತೆ. ನೋಡ್ ಆಮೇಲೆ ನೋಡೋಣ, ಕೆಲಸಕ್ಕೆ ಅರ್ಜಿ ಹಾಕುವ ಹೊತ್ತಿಗೆ.

ಸಾಗರದಕ್ಕ

ಸರ್ವರಿನಿಂದ ಮಾಹಿತಿ ತರಲು ಜೆಕ್ವೆರಿಯ ಅಜಾಕ್ಸ್ ಬಿಟ್ಟು ಬ್ರೌಸರಿನದ್ದೇ ಆದ ಫೆಚ್‌ಗೆ ಬರುವಾಗ ಒಂದು ನೆನಪಿಡಿ. ಸರ್ವರಿನಿಂದ 404 ಅಥವಾ 500 ಬಂದರೆ ಜೆಕ್ವೆರಿ ತಾನೇ ಎರರ್ ಫಂಕ್ಷನ್ನಿಗೆ ಹೋಗ್ತಿತ್ತು. ಫೆಚ್ ಹೋಗಲ್ಲ. ನೆಟ್ ಇಲ್ಲದೆಯೋ ಬ್ರೌಸರು ತಡೆದೋ ಉತ್ತರವೇ ಸಿಗದಿದ್ದರೆ ಮಾತ್ರ ಕ್ಯಾಚ್‌ಗೆ ಬೀಳುತ್ತೆ, 500 ಬಂದರೂ ಅದರ ಲೆಕ್ಕದಲ್ಲಿ ಉತ್ತರ ಬಂತು ಅಂತಲೇ. ಹಾಗಾಗಿ ಜೇಸನ್ ಓದುವ ಮೊದಲು ರೆಸ್ಪಾನ್ಸಿನ ಓಕೆ ಸರಿ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ನೀವೇ ಎರರ್ ಎಸೆಯಿರಿ. ಮತ್ತೆ ಪುಟವನ್ನು ವೀಟ್ ಒಂದು ಪೋರ್ಟಿನಲ್ಲಿ, ಪಿಎಚ್‌ಪಿ ಇನ್ನೊಂದು ಪೋರ್ಟಿನಲ್ಲಿ ಓಡಿಸಿದಾಗ ಬೇರೆ ಮೂಲದ ಮಾಹಿತಿ ಅಂತ ಬ್ರೌಸರು ಕಾರ್ಸ್ ನಿಯಮ ಹೇಳಿ ತಡೆಯುತ್ತೆ. ಅದಕ್ಕೆ ವೀಟ್ ಸೆಟ್ಟಿಂಗಿನಲ್ಲಿ, ಕೋರಿಕೆಯನ್ನು ಪಿಎಚ್‌ಪಿಗೆ ದಾಟಿಸುವ ಪ್ರಾಕ್ಸಿ ಹಾಕಿಕೊಳ್ಳಿ. ತಡೆದರೆ ಎರರ್ ಇಲ್ಲೇ ಹಾಕಿ, ನೋಡೋಣ.